ಹೆಬ್ಬೆರಳು ಹಾಕಿದ ತಾಳ

ಆ ಕಬ್ಬಿಣದಂಗಡಿಯಲ್ಲಿ ಇಬ್ಬರು ವಾರಗಿತ್ತಿಯರು ಇಪ್ಪತ್ತೆರಡು ವರ್ಷದಿಂದ ಬೆನ್ನಿಗೆ ಬೆನ್ನು ಮಾಡಿಕೊಂಡೇ ವ್ಯಾಪಾರ ನಡೆಸಿಕೊಂಡು ಬಂದಿದ್ದರು. ಬಾಗಿಲಿನ ಬಲಗಡೆ ಬೀಗ, ಚಿಲಕ, ಸರಪಳಿ, ಕೀಲಿಕೈ ಕೊರೆಯುವ ಯಂತ್ರ. ಅದು ಹಿರಿಯವಳ ಸಂಸ್ಥಾನ. ಎಡಗಡೆ ಮೊಳೆ, ತಿರುಪು, ವಾಷರು, ಬಿಜಾಗರ, ಕೊಕ್ಕೆ, ಗೋಡೆಯುದ್ದಕ್ಕೂ ನೂರ ನಲವತ್ತು ಪುಟ್ಟ ಡ್ರಾಯರುಗಳು, ಅದು ಕಿರಿಯವಳದು. ಗಿರಾಕಿಗಳು ಒಬ್ಬಳನ್ನು ಬೀಗದಮ್ಮ ಎಂದೂ ಇನ್ನೊಬ್ಬಳನ್ನು ಮೊಳೆಯಮ್ಮ ಎಂದೂ ಕರೆದು ಕರೆದು, ಕೊನೆಗೆ ಮನೆಯವರೂ ಹಾಗೇ ಕರೆಯತೊಡಗಿದ್ದರು. ಬೀಗದಮ್ಮನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮೊಳೆಯಮ್ಮನ ಗಂಡ ಒಳ್ಳೆಯ ಮನುಷ್ಯ, ಆದರೆ ಬೆಣ್ಣೆಯಂಥವನು; ಯಾರ ಬಿಸಿ ಹತ್ತಿರವಿದ್ದರೆ ಆ ಕಡೆಗೆ ಕರಗುತ್ತಿದ್ದ. ಹಾಗಾಗಿ ಜಗಳದಲ್ಲಿ ಅವನನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಗೋಜಿಗೆ ಇಬ್ಬರೂ ಹೋಗುತ್ತಿರಲಿಲ್ಲ.

ಜಗಳ ಶುರುವಾದದ್ದು ಯಾಕೆ ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಥೆ ಹೇಳುತ್ತಿದ್ದರು. ಮೊಳೆಯಮ್ಮನ ಪಾಲಿಗೆ ಅದು ಕಲ್ಲಿನ ಗೆರೆಯಾದದ್ದು ಹನ್ನೊಂದು ವರ್ಷದ ಹಿಂದೆ, ಬಚ್ಚಲುಮನೆಯ ಬಾಗಿಲಿನಲ್ಲಿ. ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಮೂರ್ಛೆರೋಗ. ಮೊದಲು ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು, ಆಮೇಲೆ ಹೊಟ್ಟೆಯಿಂದ ಏನೋ ಮೇಲೇರಿದಂತಾಗುತ್ತಿತ್ತು, ಅಷ್ಟೇ. ಮುಂದಿನದು ಬೇರೆಯವರು ಹೇಳಿದರೆ ಗೊತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಚಿಲಕ ಹಾಕಿಕೊಂಡಿದ್ದಾಗಲೇ ಬಿದ್ದಳು. ಬಾಗಿಲು ಒಡೆದು ತೆಗೆಯಬೇಕಾಯಿತು. ಮಾರನೆಯ ದಿನ ಬೀಗದಮ್ಮ ಸ್ಕ್ರೂಡ್ರೈವರ್ ತಂದು, ಯಾರನ್ನೂ ಕೇಳದೆ, ಹೊಸ ಬಾಗಿಲಿನ ಒಳಚಿಲಕವನ್ನು ಬಿಚ್ಚಿಕೊಂಡು ಹೋದಳು. ಅಂದಿನಿಂದ ಮೊಳೆಯಮ್ಮ ಮೈಗೆ ನೀರು ಹಾಕಿಕೊಳ್ಳುವಾಗಲೆಲ್ಲ ಬಾಗಿಲ ಹೊರಗೊಂದು ನೆರಳು.

"ಇದ್ದೀಯಾ?"

"ಇಲ್ಲ, ಸತ್ತೆ!"

"ಸತ್ರೆ ಹೇಳಿ ಸಾಯಿ, ನನಗೂ ಕೆಲಸ ಇದೆ."

ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಇದೇ. ಏಣಿ ಹತ್ತುವಂತಿಲ್ಲ, ಒಲೆಯ ಮುಂದೆ ಒಬ್ಬಳೇ ನಿಲ್ಲುವಂತಿಲ್ಲ, ರಸ್ತೆ ದಾಟುವಂತಿಲ್ಲ. ಮೂರು ಬಗೆಯ ಮಾತ್ರೆ ಸೋತಿದ್ದವು. ಆದ್ದರಿಂದ ದೊಡ್ಡಾಸ್ಪತ್ರೆಯ ಡಾಕ್ಟರು, "ಆಪರೇಷನ್ ಮಾಡಿದರೆ ನಿಲ್ಲಬಹುದು" ಎಂದಾಗ ಅವರು ಬಾಯಿ ಮುಚ್ಚುವ ಮೊದಲೇ ಮೊಳೆಯಮ್ಮ "ಆಗಲಿ" ಎಂದುಬಿಟ್ಟಿದ್ದಳು.

ಆದರೆ ಒಂದು ತೊಡಕಿತ್ತು. ಅವಳ ಮೂರ್ಛೆ ಹುಟ್ಟುತ್ತಿದ್ದದ್ದು ಎಡಗಿವಿಯ ಮುಂದಿನ ಭಾಗದಲ್ಲಿ, ಬುರುಡೆಯ ಒಳಗೆ. ಬಹಳ ಜನರಿಗೆ ಮಾತು ಮನೆ ಮಾಡಿಕೊಂಡಿರುವುದೂ ಅಲ್ಲೇ ಪಕ್ಕದಲ್ಲಿ. ಅದರಲ್ಲೂ ವಸ್ತುಗಳ ಹೆಸರುಗಳು. ಮೂರ್ಛೆಯನ್ನು ಕತ್ತರಿಸಲು ಹೋಗಿ ಹೆಸರುಗಳನ್ನೂ ಕತ್ತರಿಸಿಬಿಟ್ಟರೆ? ಅದಕ್ಕೆ ಮೊದಲು ಪರೀಕ್ಷೆಗಳು.

ಮಾತಿನ ಪರೀಕ್ಷಕಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಸ್ಟಾಪ್‌ವಾಚು. ಪರೀಕ್ಷಕಿ ತೆಳ್ಳಗಿನ ಹೆಂಗಸು, ನಗುವಿಗೂ ಅವಳಿಗೂ ಬಿಟ್ಟುಹೋದ ನೆಂಟಸ್ತನ. ಚಿತ್ರಗಳ ಹಾಳೆಯನ್ನು ಒಂದೊಂದಾಗಿ ಮಗುಚಿದಳು.

"ಇದೇನು?"

"ಮೊಳೆ ಕೀಳೋ ಸುತ್ತಿಗೆ."

"ಸುತ್ತಿಗೆ ಅಂದ್ರೆ ಸಾಕು."

"ಯಾಕೆ ಸಾಕು? ಕಮ್ಮಾರಂದು ಬೇರೆ, ಬಡಗೀದು ಬೇರೆ, ಅಕ್ಕಸಾಲಿಗಂದು ಬೇರೆ. ನಮ್ಮಂಗಡಿಗೆ ಬಂದು ಬರೀ ಸುತ್ತಿಗೆ ಅಂದ್ರೆ ನಾನು ನಿಮ್ಮ ಮುಖ ನೋಡ್ತಾ ನಿಂತ್ಕೋತೀನಿ."

"ನಾನು ನಿಮ್ಮಂಗಡಿಗೆ ಬಂದಿಲ್ಲ. ನೀವು ನನ್ನ ಹತ್ರ ಬಂದಿದ್ದೀರಿ. ಮುಂದಿನದು?"

ಅರವತ್ತರಲ್ಲಿ ಐವತ್ತೆಂಟು ಹೇಳಿದಳು. ತಪ್ಪಿದ್ದು ಯಾವುದೋ ಹಕ್ಕಿ, ಮತ್ತೆ ಯಾವುದೋ ವಾದ್ಯ. ಪರೀಕ್ಷಕಿ ಪೆನ್ನಿನ ತುದಿಯನ್ನು ಹಲ್ಲಿಗೆ ತಟ್ಟಿಕೊಂಡಳು.

"ತುಂಬಾ ಚೆನ್ನಾಗಿ ಹೇಳಿದ್ರಿ. ಅದೇ ಯೋಚನೆ."

"ಚೆನ್ನಾಗಿ ಹೇಳಿದ್ದಕ್ಕೆ ಯೋಚನೆಯಾ? ಇದ್ಯಾವ ಸೀಮೆ ಪರೀಕ್ಷೆ ತಾಯಿ!"

"ಈಗಾಗಲೇ ಹೆಸರು ಮರೆತು ಹೋಗಿರೋರು ಆಪರೇಷನ್ನಿನಲ್ಲಿ ಹೆಚ್ಚೇನೂ ಕಳ್ಕೊಳ್ಳಲ್ಲ. ನಿಮ್ಮ ಹತ್ರ ತುಂಬಾ ಇದೆ. ಇರೋರಿಗೇ ನಷ್ಟ. ತಲೆಯ ಸ್ಕ್ಯಾನ್ ಮಾಡಿ ನೋಡ್ತೀವಿ, ಹೆಸರು ಹೇಳೋವಾಗ ನಿಮ್ಮ ಮಿದುಳಿನ ಯಾವ ಕಡೆ ಕೆಲಸ ಮಾಡತ್ತೆ ಅಂತ. ಆಮೇಲೆ ಮಾತಾಡೋಣ."

ಮೊಳೆಯಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಷ್ಟಪಟ್ಟು ಕೂಡಿಹಾಕಿಕೊಂಡ ಹೆಸರುಗಳೇ ಈಗ ಅಡ್ಡಗಾಲು ಹಾಕುತ್ತಿದ್ದವು.

ಸ್ಕ್ಯಾನಿನ ದಿನ ಹೊರಗಿನ ಬೆಂಚಿನ ಮೇಲೆ ಯಾವನೋ ರೋಗಿಯ ಸೋದರಮಾವ ಕೂತಿದ್ದ. ಅರ್ಧ ತಿಳಿದವನಿಗೆ ಗತ್ತು ಮಾತ್ರ ಪೂರ್ತಿ ಇರುತ್ತದೆ. ಅವನು ಕಾಲು ಮೇಲೆ ಕಾಲು ಹಾಕಿ ಬೆಂಚಿಗೆಲ್ಲ ಪಾಠ ಹೇಳುತ್ತಿದ್ದ.

"ಚಿತ್ರದಲ್ಲಿ ಎಡಗಡೆ ಹೊತ್ಕೊಳ್ತೋ, ಮುಗೀತು. ಕತ್ತಿ ಮುಟ್ಟಿಸೋದೇ ಇಲ್ಲ, ಮಾತ್ರೆ ಬರೆದು ಮನೆಗೆ ಕಳಿಸ್ತಾರೆ. ಬಲಗಡೆ ಹೊತ್ಕೊಳ್ತೋ, ಪಾಸು. ನಮ್ಮ ಹುಡುಗ ಪಾಸು. ಮಾತು ಎಡಕ್ಕಿರತ್ತೆ ನೋಡಿ, ಹಾಡು ಬಲಕ್ಕೆ."

"ಎಲ್ಲ ತಿಳಿದೋರು ನೀವ್ಯಾಕೆ ಈಚೆ ಕೂತಿದ್ದೀರಿ?" ಎಂದಳು ಬೀಗದಮ್ಮ. ಮೊಳೆಯಮ್ಮನ ಓಲೆ, ಹೇರ್‌ಪಿನ್ನು, ಚಪ್ಪಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಕಾಯಲು ಅವಳನ್ನು ಕೂರಿಸಿದ್ದರು. ಗಂಡ ಬರಬೇಕಿತ್ತು, ಅಂಗಡಿಯಲ್ಲಿ ಇರುತ್ತೇನೆಂದು ಕರಗಿಹೋಗಿದ್ದ.

ಸೋದರಮಾವನ ಮಾತು ಮೊಳೆಯಮ್ಮನ ಕಿವಿಯಲ್ಲಿ ಮರಕ್ಕೆ ಇಳಿದ ತಿರುಪಿನ ಹಾಗೆ ಕೂತಿತ್ತು.

ಒಳಗೆ ಚಳಿ. ಸ್ಕ್ಯಾನ್ ಮಾಡುವವನು ಅವಳ ತಲೆಯ ಸುತ್ತ ಮೆತ್ತೆ ಬಿಗಿದು, ಮುಖದ ಮೇಲೆ ಪಂಜರದಂಥದ್ದನ್ನು ಇಳಿಸಿದ. ಪಂಜರದಲ್ಲೊಂದು ಪುಟ್ಟ ಕನ್ನಡಿ. ಅದರಲ್ಲಿ ಕಾಲಕಡೆಯ ತೆರೆ ಕಾಣುತ್ತಿತ್ತು. "ಚಿತ್ರ ಬಂದಾಗ ಅದರ ಹೆಸರನ್ನ ಮನಸ್ಸಲ್ಲೇ ಹೇಳ್ಕೊಳ್ಳಿ. ಬಾಯಿ ಬಿಡಬೇಡಿ, ನಾಲಿಗೇನೂ ಆಡಿಸ್ಬೇಡಿ. ಕೂಡೋ ಗುರುತು ಬಂದಾಗ ಸುಮ್ಮನೆ ನೋಡ್ತಾ ಇರಿ." ಹೊರಡುವಾಗ ಅವನ ಕೈ ಅವಳ ಪಾದಕ್ಕೆ ತಗಲಿತು. "ಅಯ್ಯೋ, ಮಂಜಿನ ಹಾಗಿದೆಯಲ್ಲಮ್ಮ" ಎಂದು ಹಿಂತಿರುಗಿ, ಎಲ್ಲಿಂದಲೋ ಒಂದು ಕಂಬಳಿ ತಂದು, ಎರಡು ಮಡಿಕೆ ಮಾಡಿ ಅವಳ ಕಾಲಿಗೆ ಹೊದಿಸಿದ. ಅದು ಅವನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಯಂತ್ರ ಗುದ್ದತೊಡಗಿತು. ಕನ್ನಡಿಯಲ್ಲಿ ಬಾಚಣಿಗೆ ಬಂತು. ಹೆಸರು ತಾನಾಗಿ ಮೇಲೆದ್ದಿತು. ಮೊಳೆಯಮ್ಮ ಅದರ ಮೇಲೆ ರಾಗದ ಮುಚ್ಚಳ ಹಾಕಿ ಅದುಮಿದಳು. ಮಾತಿಲ್ಲದ ಒಂದು ರಾಗ, ಅವಳದೇ, ಎಲ್ಲಿ ಕಲಿತದ್ದೋ ಗೊತ್ತಿಲ್ಲ; ಬೀಗದಮ್ಮ ಬಾಯಿ ತೆರೆದಾಗಲೆಲ್ಲ ಅವಳು ಒಳಗೇ ಗುನುಗಿಕೊಳ್ಳುತ್ತಿದ್ದದ್ದು ಅದನ್ನೇ. ಕೊಡೆ ಬಂತು, ಮುಚ್ಚಿದಳು. ಕತ್ತರಿ ಬಂತು. ಗರಗಸ ಬಂದಾಗ ಬಹಳ ಕಷ್ಟವಾಯಿತು. ಅದು ಮರ ಕೊಯ್ಯುವುದಲ್ಲ, ಕಬ್ಬಿಣ ಕೊಯ್ಯುವುದು, ತೋರಿಸಿದವರಿಗೆ ಗೊತ್ತಿದ್ದಂತಿರಲಿಲ್ಲ. ಕೊನೆಗೆ ಚಿತ್ರ ನೋಡುವುದನ್ನೇ ಬಿಟ್ಟು ಕನ್ನಡಿಯ ಅಂಚಿಗೆ ಕಣ್ಣು ನೆಟ್ಟಳು. ಕೂಡುವ ಗುರುತು ಬಂದಾಗ ರಾಗ ನಿಲ್ಲಿಸುತ್ತಿದ್ದಳು, ಚಿತ್ರಗಳು ಬಂದಾಗ ಮತ್ತೆ ಶುರು. ಕಳ್ಳತನವನ್ನೂ ಶಿಸ್ತಾಗಿಯೇ ಮಾಡಿದಳು.

ಹತ್ತು ದಿನದ ಮೇಲೆ ಕರೆಸಿದರು. ಶಸ್ತ್ರವೈದ್ಯರ ಕೋಣೆಯಲ್ಲಿ ದೊಡ್ಡ ಪರದೆ. ಶಸ್ತ್ರವೈದ್ಯರು ದಪ್ಪ ದೇಹದ, ಮೆತ್ತನೆ ಕೈಗಳ ಮನುಷ್ಯ, ಮುಖ ಅರಳಿತ್ತು. ಪರೀಕ್ಷಕಿ ಗೋಡೆಗೆ ಒರಗಿ ನಿಂತಿದ್ದಳು. ಬೀಗದಮ್ಮ ಕರೆಯದಿದ್ದರೂ ಒಳಗೆ ಬಂದು ಕೂತಿದ್ದಳು.

"ನೂರರಲ್ಲಿ ಕೆಲವರಿಗೆ ಮಾತ್ರ ಹೀಗಿರೋದು" ಎಂದರು ವೈದ್ಯರು. "ನಿಮ್ಮ ಮಾತು ಬಲಗಡೆ ಇದೆ. ಎಡಗಡೆ ಏನೂ ಇಲ್ಲ ಅನ್ನೋಷ್ಟು ಕಮ್ಮಿ. ಧೈರ್ಯವಾಗಿ ಪೂರ್ತಿ ತೆಗೀಬಹುದು."

ಮೊಳೆಯಮ್ಮ ಬೀಗದಮ್ಮನ ಕಡೆ ತಿರುಗಿ ನೋಡಿದಳು. ಗೆದ್ದ ನೋಟ.

"ನನಗೆ ಒಪ್ಪಿಗೆ ಆಗ್ತಿಲ್ಲ" ಎಂದಳು ಪರೀಕ್ಷಕಿ ಗೋಡೆಯಿಂದ. "ಇವರು ಬಲಗೈಯವರು, ಅಂಥೋರಿಗೆ ಮಾತು ಸಾಮಾನ್ಯವಾಗಿ ಎಡಕ್ಕೇ ಇರತ್ತೆ. ಇವರ ಉತ್ತರಗಳನ್ನ ನೋಡಿದ್ರೂ ಮಾತು ಎಡಗಡೆ ಇರೋರ ಹಾಗಿದೆ. ಇನ್ನೊಂದು. ಇಲ್ಲಿ, ನೆತ್ತಿಯ ಹತ್ರ, ಈ ಚುಕ್ಕೆ ನೋಡಿ. ಚಿತ್ರ ಬಂದಾಗ ಮಾತ್ರ ಹೊತ್ಕೊಂಡಿದೆ, ನಿಂತಾಗ ಆರಿದೆ. ಇದು ಕಾಲಿನ ಜಾಗ. ಹೆಸರು ಹೇಳ್ಕೊಳ್ಳೋಕೆ ಕಾಲು ಯಾಕೆ ಬೇಕು?"

"ಏನೋ ಅಲ್ಲಾಡಿರಬೇಕು" ಎಂದರು ವೈದ್ಯರು.

"ಅಷ್ಟು ಕ್ರಮವಾಗಿ?"

ಆಗ ಬೀಗದಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ನಕ್ಕಳು, ಒಳ್ಳೆಯ ನಗುವಲ್ಲ.

"ಹೆಬ್ಬೆರಳು! ಅಯ್ಯೋ ಕಳ್ಳಿ! ಡಾಕ್ಟ್ರೇ, ಇವಳು ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾಳೆ. ನಾನು ಬೈದಾಗಲೆಲ್ಲ ಇವಳು ಕೇಳಿಸ್ಕೊಳ್ಳಲ್ಲ, ಒಳಗೊಳಗೇ ಯಾವುದೋ ರಾಗ ಹಾಡ್ಕೋತಾಳೆ. ಬಾಯಿ ಹೊಲಿದಂಗಿರತ್ತೆ, ಬಲಗಾಲಿನ ಹೆಬ್ಬೆರಳು ಮಾತ್ರ ತಾಳ ಹಾಕ್ತಿರತ್ತೆ. ಅವಳಿಗೇ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಬೆರಳು ನೋಡ್ಕೊಂಡೇ ಬೈತಿದ್ದೀನಿ ನಾನು."

ಮೊಳೆಯಮ್ಮ ತಲೆ ಬಗ್ಗಿಸಿ ತನ್ನ ಪಾದವನ್ನು ನೋಡಿಕೊಂಡಳು. ತನ್ನದೇ ಬೆರಳು ಚಾಡಿ ಹೇಳಿತ್ತು.

"ಇನ್ನೊಂದೂ ಕೇಳಿ" ಎಂದಳು ಬೀಗದಮ್ಮ, ಬಿಟ್ಟ ಬಾಯಿ ಮುಚ್ಚದೆ. "ಮೂರ್ಛೆ ತಿಳಿದು ಎದ್ದ ಮೇಲೆ ಕಾಲು ಗಂಟೆ ಇವಳಿಗೆ ಒಂದು ಹೆಸರು ಬರಲ್ಲ. ನೀರು ಅನ್ನೋಕೂ ಕೈ ತೋರಿಸ್ತಾಳೆ."

ಪರೀಕ್ಷಕಿ ಗೋಡೆಯಿಂದ ಬಿಡಿಸಿಕೊಂಡು ಮುಂದೆ ಬಂದಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ? ಎಡಗಡೆಯೇ ಅನ್ನೋಕೆ ಅದೂ ಒಂದು ಗುರುತು."

"ಯಾರು ಕೇಳಿದ್ರು? ನನ್ನನ್ನ ಚಪ್ಪಲಿ ಕಾಯೋಕೆ ಕೂರಿಸಿದ್ರಿ."

ಮೊಳೆಯಮ್ಮ ಎದ್ದು ಹೊರಗೆ ನಡೆದಳು. ಮೆಟ್ಟಿಲ ತಿರುವಿನಲ್ಲಿ ಬೀಗದಮ್ಮ ಅವಳನ್ನು ಹಿಡಿದಳು. ಅಲ್ಲಿ ಶುರುವಾಯಿತು. ಕೆಳಗಿನಿಂದ ಮೇಲೆ ಬರುತ್ತಿದ್ದವರು ಹಾಗೇ ನಿಂತರು. ಮೇಲಿನಿಂದ ಇಳಿಯುತ್ತಿದ್ದವರು ಲಿಫ್ಟಿನ ಕಡೆ ಹೋದರು.

"ನಿನಗೇನು ಬಂದಿತ್ತು ದೊಡ್ಡರೋಗ? ಆಪರೇಷನ್ ಆಗ್ತಿತ್ತು. ಆಗ್ತಿತ್ತು! ಒಂದು ಸಲ, ಒಂದೇ ಒಂದು ಸಲ ಬಾಯಿ ಮುಚ್ಕೊಂಡಿದ್ದಿದ್ರೆ!"

"ಆಮೇಲೆ? ಮೂಗೀನ ಮನೆಗೆ ಕರ್ಕೊಂಡು ಬಂದು ನಾನು ಸಾಕಬೇಕಿತ್ತಾ?"

"ನೀನ್ಯಾಕೆ ಸಾಕ್ತೀಯ? ನಿನಗೆ ನಾನು ಬೀಳ್ತಾನೇ ಇರಬೇಕು. ನಾನು ಬಿದ್ರೆ ನೀನು ನಿಂತಿರೋದು ಕಾಣತ್ತಲ್ಲ. ಬಾಗಿಲ ಹೊರಗೆ ನಿಂತ್ಕೊಂಡು 'ಇದ್ದೀಯಾ ಇದ್ದೀಯಾ' ಅಂತ. ಜೈಲಿನ ಕಾವಲುಗಾರ್ತಿ!"

"ಹೌದು ಕಣೆ, ಕಾವಲುಗಾರ್ತಿನೇ. ಆವತ್ತು ಬಾಗಿಲು ಒಡೆದಾಗ ನಿನ್ನ ಮೂಗು ನೀರೊಳಗಿತ್ತು, ಗೊತ್ತಾ? ನಿನ್ನ ಗಂಡ ಹೊಸ್ತಿಲಲ್ಲಿ ನಿಂತು ಅಳ್ತಿದ್ದ. ಎತ್ತಿದ್ದು ಯಾರು?"

"ಎತ್ತಿದ್ದಕ್ಕೆ ಹನ್ನೊಂದು ವರ್ಷ ಬಡ್ಡಿ ಕೀಳಬೇಕಾ? ಬಿಟ್ಟುಬಿಡಬೇಕಿತ್ತು, ಸಾಯ್ತಿದ್ದೆ!"

"ಸಾಯಿ! ಯಾರು ಬೇಡ ಅಂದ್ರು? ಆದ್ರೆ ಕಣ್ಣು ಬಿಟ್ಕೊಂಡು ಸಾಯಿ. ಡಾಕ್ಟ್ರಿಗೆ ಸುಳ್ಳು ಹೇಳಿ, ಅವರ ಕತ್ತಿಗೆ ಕಣ್ಣು ಕಟ್ಟಿ, ನಿನ್ನ ತಲೆ ಒಳಗೆ ಬಿಡ್ತೀಯಲ್ಲ, ನಿನಗಿಂತ ಕತ್ತೆ ಇದ್ದಾಳಾ ಪ್ರಪಂಚದಲ್ಲಿ? ನಾಳೆ ಗಿರಾಕಿ ಬಂದು ಒಂದೂವರೆ ಇಂಚಿಂದು ಕೊಡಿ ಅಂದ್ರೆ ಏನು ಮಾಡ್ತೀಯ? ಗುನುಗ್ತೀಯ?"

ಮೊಳೆಯಮ್ಮ ಕೈ ಎತ್ತಿದಳು. ಹೊಡೆಯಲಿಲ್ಲ. ಬೀಗದಮ್ಮ ಹಿಂದೆ ಸರಿಯಲೂ ಇಲ್ಲ. ಚಪ್ಪಲಿಯ ಚೀಲ ಇನ್ನೂ ಅವಳ ಕೈಯಲ್ಲೇ ಇತ್ತು. ಹತ್ತು ದಿನದ ಹಿಂದೆ ಕಾದದ್ದು ಅಭ್ಯಾಸವಾಗಿ, ಈ ಸಲವೂ ಖಾಲಿ ಚೀಲ ತಂದಿದ್ದಳು. ಅದನ್ನು ಮೆಟ್ಟಿಲ ಮೇಲೆ ಬಿಸಾಕಿ ಕೆಳಗಿಳಿದು ಹೋದಳು.

ಆಮೇಲೆ ಪರೀಕ್ಷಕಿ ಬಂದು, ಒರೆಸದೆ, ಧೂಳಿನ ಮೆಟ್ಟಿಲ ಮೇಲೇ ಮೊಳೆಯಮ್ಮನ ಪಕ್ಕ ಕೂತಳು.

"ನನಗೆ ನಿಮ್ಮ ಮೇಲೆ ಕೆಟ್ಟ ಸಿಟ್ಟಿದೆ" ಎಂದಳು. "ನಿಮ್ಮ ಮಾತು ಹೋಗಿದ್ರೆ ಆ ವರದಿ ಕೆಳಗೆ ನನ್ನ ಸಹಿ ಇರ್ತಿತ್ತು. ಯಾಕೆ ಹಾಗ್ಮಾಡಿದ್ರಿ?"

"ಎಡಗಡೆ ಹೊತ್ಕೊಂಡ್ರೆ ಫೇಲು, ವಾಪಸ್ ಕಳಿಸ್ತೀರಿ ಅಂತ..."

"ಯಾರು ಹೇಳಿದ್ರು?"

"ಬೆಂಚಿನ ಮೇಲೆ ಒಬ್ರು ಸೋದರಮಾವ."

ಪರೀಕ್ಷಕಿ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. "ಇದೇನು ಅಂಕಪಟ್ಟಿಯಾ? ಇದು ನಕ್ಷೆ. ಗೋಡೆಗೆ ಮೊಳೆ ಹೊಡೆಯೋ ಮೊದಲು ಒಳಗೆ ಕರೆಂಟಿನ ತಂತಿ ಎಲ್ಲಿ ಹೋಗಿದೆ ಅಂತ ನೋಡಲ್ವಾ? ತಂತಿ ಇದೆ ಅಂದ್ರೆ ಮೊಳೆ ಹೊಡೆಯಲ್ಲ ಅಂತಲ್ಲ. ಎಲ್ಲಿ ಹೊಡೀಬಾರದು ಅಂತ ಗೊತ್ತಾಗತ್ತೆ. ಎಡಗಡೆ ಇದ್ರೂ ಆಪರೇಷನ್ ಮಾಡ್ತೀವಿ. ಎಷ್ಟು ಮಾಡಬೇಕು, ಏನು ಕಳ್ಕೋಬಹುದು ಅಂತ ಮೊದಲೇ ಹೇಳಿ ಮಾಡ್ತೀವಿ. ಆಯ್ಕೆ ನಿಮ್ಮದು."

"ಇದನ್ನ ಮೊದಲೇ ಹೀಗೆ ಹೇಳಬಾರದಿತ್ತಾ?"

"ಹೇಳಬೇಕಿತ್ತು" ಎಂದಳು ಪರೀಕ್ಷಕಿ. ಆ ಒಂದು ಮಾತಿಗೆ ಮೊಳೆಯಮ್ಮನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಬೀಗದಮ್ಮನಿಗೆ ಎತ್ತಿಟ್ಟುಕೊಂಡಳು.

ಎರಡನೆಯ ಸ್ಕ್ಯಾನಿಗೆ ಪರೀಕ್ಷಕಿ ಗಾಜಿನ ಆಚೆ ಕೂರಲಿಲ್ಲ. ಗಡಿಯಾರ, ಕೀಲಿಕೈ ಎಲ್ಲ ಕಳಚಿಟ್ಟು ಯಂತ್ರದ ಕೋಣೆಯೊಳಗೇ ಬಂದು, ಕಾಲಕಡೆ ನಿಂತು, ಮೊಳೆಯಮ್ಮನ ಬಲ ಹೆಬ್ಬೆರಳನ್ನು ಅಂಗೈಯಲ್ಲಿ ಹಿಡಿದುಕೊಂಡಳು. "ನಂಬಿಕೆ ಇಲ್ಲ" ಎಂದಳು, ಅಷ್ಟೇ. ನಲವತ್ತು ನಿಮಿಷ ಹಾಗೇ ನಿಂತಿದ್ದಳು. ಅವಳ ಕೈ ಬೆಚ್ಚಗಿತ್ತು.

ಬೆರಳನ್ನು ಹಿಡಿಯಬಹುದು, ಆದರೆ ತಲೆಯೊಳಗೆ ಯಾರೂ ಕೈ ಹಾಕಲಾರರು. ಬೇಕೆಂದರೆ ಈಗಲೂ ಗುನುಗಬಹುದಿತ್ತು, ತಾಳವಿಲ್ಲದೆ. ಮೊಳೆಯಮ್ಮನಿಗೆ ಅದು ಗೊತ್ತಿತ್ತು. ಕನ್ನಡಿಯಲ್ಲಿ ಬಾಚಣಿಗೆ ಬಂತು. ಅವಳು ಒಂದು ಕ್ಷಣ ತಡೆದಳು. ಬಾಚಣಿಗೆ, ಎಂದುಕೊಂಡಳು. ಕೊಡೆ. ಕತ್ತರಿ. ಕಬ್ಬಿಣ ಕೊಯ್ಯುವ ಗರಗಸ. ಹೆಸರುಗಳು ಕಟ್ಟಿಹಾಕಿದ ಕರುಗಳ ಹಾಗೆ ಒಂದರ ಹಿಂದೊಂದು ಜಿಗಿದವು. ಇಷ್ಟೊಂದಿವೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಈ ಸಲ ಪರದೆಯ ಮೇಲೆ ಎಡಗಡೆ ಕೆಂಡದ ಹಾಗೆ ಹೊಳೆಯುತ್ತಿತ್ತು, ಮೂರ್ಛೆ ಹುಟ್ಟುವ ಜಾಗಕ್ಕೆ ಬೆರಳಗಲದ ದೂರದಲ್ಲಿ. ಶಸ್ತ್ರವೈದ್ಯರ ಮುಖ ಅರಳಿರಲಿಲ್ಲ. ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೂ ಮಾತಾಡಲಿಲ್ಲ.

"ಎರಡು ದಾರಿ. ಮೊದಲು ಅಂದ್ಕೊಂಡಷ್ಟು ಪೂರ್ತಿ ತೆಗೆದ್ರೆ ಮೂರ್ಛೆ ನಿಲ್ಲೋ ಸಾಧ್ಯತೆ ಹೆಚ್ಚು, ಆದರೆ ಹೆಸರು ಬಹಳ ಹೋಗತ್ತೆ. ಸಣ್ಣದಾಗಿ, ಒಳಗಿನದನ್ನ ಮಾತ್ರ ತೆಗೆದ್ರೆ ಹೆಸರು ಅಷ್ಟು ಹೋಗಲ್ಲ. ಮೂರ್ಛೆ ನಿಲ್ಲಬಹುದು, ಬರೀ ಕಮ್ಮಿ ಆಗಿ ಉಳೀಲೂಬಹುದು."

"ಚಿಲಕ ಹಾಕ್ಕೊಂಡು ಸ್ನಾನ ಮಾಡಬಹುದಾ?"

ವೈದ್ಯರಿಗೆ ಅರ್ಥವಾಗಲಿಲ್ಲ. ಪರೀಕ್ಷಕಿಗೆ ಆಯಿತು. "ಸಣ್ಣದರಲ್ಲಿ ಆ ಮಾತು ಕೊಡೋಕಾಗಲ್ಲ" ಎಂದಳು.

ಮನೆಗೆ ಹೋಗುವ ಬಸ್ಸಿನಲ್ಲಿ ವಾರಗಿತ್ತಿಯರಿಬ್ಬರಿಗೂ ಒಂದೇ ಸೀಟು ಸಿಕ್ಕಿತ್ತು. ಮೊಳೆಯಮ್ಮ ಕಾದಳು. ಬೀಗದಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆರು ನಿಲ್ದಾಣ ಕಳೆದವು.

"ಏನಕ್ಕ, ಬಾಯಿ ಬಿದ್ದುಹೋಯ್ತಾ? ಊರಿಗೆಲ್ಲ ಬುದ್ಧಿ ಹೇಳ್ತೀಯ. ಇದಕ್ಕೇನೂ ಇಲ್ವಾ?"

"ಇದೆ. ಹೇಳಲ್ಲ. ನಾನು ಪೂರ್ತಿ ಅಂದ್ರೆ ನೀನು ಹಠಕ್ಕೆ ಸಣ್ಣದು ಅಂತೀಯ, ಸಣ್ಣದು ಅಂದ್ರೆ ಪೂರ್ತಿ. ನಿನ್ನ ತಲೆ, ನೀನೇ ಹೇಳು. ನಾಳೆ ನನ್ನ ಮೇಲೆ ಹಾಕ್ಬೇಡ."

ಮೂರು ದಿನ ಮೊಳೆಯಮ್ಮ ಡ್ರಾಯರುಗಳ ಮುಂದೆ ನಿಂತು ಒಂದೊಂದನ್ನು ಎಳೆದು, ನೋಡಿ, ಮುಚ್ಚುತ್ತಿದ್ದಳು. ಯಾರ ಕಾವಲೂ ಇಲ್ಲದೆ ನೀರು ಹಾಕಿಕೊಳ್ಳುವ ಒಬ್ಬ ಹೆಂಗಸನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡಳು; ಆ ಹೆಂಗಸು ಹೊರಗೆ ಬಂದು ಅಂಗಡಿಯಲ್ಲಿ ನಿಂತಾಗ ಅವಳ ಸುತ್ತ ಬರೀ ಕಬ್ಬಿಣ, ಹೆಸರಿಲ್ಲದ್ದು. ಆ ಹೆಂಗಸು ಯಾರೆಂದು ಮೊಳೆಯಮ್ಮನಿಗೆ ಗುರುತು ಹತ್ತಲಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಗೆ ಫೋನು ಮಾಡಿ "ಸಣ್ಣದು" ಎಂದಳು. ಫೋನಿಟ್ಟು ಹಿತ್ತಲಿಗೆ ಹೋಗಿ ಅತ್ತಳು. ಅವಳ ಗಂಡ ಬಂದು ಪಕ್ಕದಲ್ಲಿ ನಿಂತ, ಕರಗದೆ. ಅವನ ಮಟ್ಟಿಗೆ ಅದು ದೊಡ್ಡದು.

ಆಸ್ಪತ್ರೆ ಸೇರುವ ಹಿಂದಿನ ದಿನ ಬೆಳಿಗ್ಗೆ ಅಂಗಡಿಗೆ ಇಳಿದ ಮೊಳೆಯಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ನೂರ ನಲವತ್ತು ಡ್ರಾಯರುಗಳ ಮೇಲೂ ಬಿಳಿ ಚೀಟಿ. ಒಂದೊಂದು ಚೀಟಿಯ ಕೆಳಗೂ ಒಳಗಿನ ಸಾಮಾನಿನ ಒಂದೊಂದು ಮಾದರಿ, ತಂತಿಯಲ್ಲಿ ಕಟ್ಟಿದ್ದು. ಬೀಗದಮ್ಮನ ಬೆರಳುಗಳಿಗೆ ಬಟ್ಟೆ ಸುತ್ತಿತ್ತು, ತಂತಿ ಕುಯ್ದಿರಬೇಕು.

"ಇದೇನಿದು? ನನ್ನನ್ನ ಈಗಲೇ ಮೂಗಿ ಅಂತ ತೀರ್ಮಾನ ಮಾಡಿಬಿಟ್ಯಾ? ತಿಥಿ ಮಾಡೋಕೆ ಹೊರಟ್ಯಾ ಬದುಕಿರೋವಾಗ್ಲೇ?"

"ನಿನಗಲ್ಲ, ನನಗೆ. ನೀನು ಮಲಗಿದ್ದಾಗ ಈ ಕಡೆ ಗಿರಾಕಿ ಬಂದ್ರೆ ನಾನೇನು ಕವಡೆ ಹಾಕಿ ನೋಡ್ಲಾ?"

ಮೊಳೆಯಮ್ಮ ಚೀಟಿಗಳನ್ನು ಓದತೊಡಗಿದಳು. ಅವಳ ಕಣ್ಣು ಕೆಂಪಾಯಿತು.

"'ಸಣ್ಣ ಮೊಳೆ'! ಯಾರು ಬರೆದದ್ದು ಇದನ್ನ? ಇಲ್ಲಿ ಹದಿನಾಲ್ಕು ತರ ಸಣ್ಣ ಮೊಳೆ ಇದೆ! ಇದು ಹೆಂಚಿನ ಮೊಳೆ, ಇದು ಮೋಚಿ ಮೊಳೆ, ಇದು ತಲೆಯಿಲ್ಲದ್ದು, ಗಾಜಿನ ಚೌಕಟ್ಟಿಗೆ ಹಾಕೋದು. ಇದು ಮೊಳೆಯೇ ಅಲ್ಲ, ಪೆದ್ದಿ, ಇದು ರಿವೆಟ್ಟು! ಇಪ್ಪತ್ತೆರಡು ವರ್ಷ ಈ ಗೋಡೆ ನೋಡಿ ಏನು ಕಲಿತೆ?"

"ಗೋಡೆ ಎಲ್ಲಿ ನೋಡಿದೆ? ನಿನ್ನ ಹೆಬ್ಬೆರಳು ನೋಡ್ತಿದ್ದೆ. ತಪ್ಪಿದ್ರೆ ತಿದ್ದು. ಪೆನ್ನು ಅಲ್ಲಿದೆ."

ತಿದ್ದಲು ಸಂಜೆಯವರೆಗೆ ಬೇಕಾಯಿತು. ಮೊಳೆಯಮ್ಮ ಹೇಳುವಳು, ಬೀಗದಮ್ಮ ಬರೆಯುವಳು, ತಪ್ಪು ಬರೆದರೆ ಬೈಗುಳ, ನಿಧಾನವಾಗಿ ಬರೆದರೆ ಬೈಗುಳ, ಸರಿಯಾಗಿ ಬರೆದರೆ "ಅಂತೂ!" ಎಂಬ ಇನ್ನೊಂದು. ಗಿರಾಕಿಗಳು ಬಂದವರು ಬಾಗಿಲಲ್ಲೇ ನಿಂತು ಕಾದರು. ಎಂಬತ್ತನೆಯ ಡ್ರಾಯರಿನ ಹೊತ್ತಿಗೆ ಬೀಗದಮ್ಮ ಕೇಳದೆಯೇ ಎರಡು ಹೆಸರು ಸರಿಯಾಗಿ ಹೇಳಿದಳು. ಮೊಳೆಯಮ್ಮನಿಗೆ ಯಾರೋ ತನ್ನ ಪೆಟ್ಟಿಗೆಯಿಂದ ಏನೋ ತೆಗೆದುಕೊಂಡಂತೆ ಹೊಟ್ಟೆಕಿಚ್ಚಾಯಿತು. ಆದರೂ ಎಂಬತ್ತೊಂದನೆಯದನ್ನು ಎಳೆದಳು.

ಆಪರೇಷನ್ ಆಯಿತು. ಐದನೆಯ ದಿನ ಪರೀಕ್ಷಕಿ ಅದೇ ಚಿತ್ರಗಳೊಂದಿಗೆ ಹಾಸಿಗೆಯ ಪಕ್ಕ ಬಂದಳು. ಅರವತ್ತರಲ್ಲಿ ನಲವತ್ತಮೂರು. ಪರೀಕ್ಷಕಿ ತನ್ನ ಕಡತದಿಂದ ಒಂದು ಹಾಳೆ ತೆಗೆದು ತೋರಿಸಿದಳು. ಆಪರೇಷನ್ನಿಗೆ ಮೊದಲೇ ತಾರೀಖು ಹಾಕಿ ಅವಳು ಬರೆದಿಟ್ಟಿದ್ದ ಅಂದಾಜು, ನಲವತ್ತೈದರ ಆಸುಪಾಸು. ಅದರಲ್ಲಿ ಜಂಬವೇನೂ ಇರಲಿಲ್ಲ.

"ಮೊದಲನೇ ಸ್ಕ್ಯಾನ್ ನಂಬಿ ಮಾಡಿದ್ದಿದ್ರೆ?" ಎಂದಳು ಮೊಳೆಯಮ್ಮ.

"ಅದನ್ನ ಬರೆದಿಟ್ಟಿಲ್ಲ" ಎಂದಳು ಪರೀಕ್ಷಕಿ. "ಕೆಲವು ವಾಪಸ್ ಬರ್ತಾವೆ, ತಿಂಗಳುಗಟ್ಟಲೆ ಹಿಡೀಬಹುದು. ಹುಡುಕೋವಾಗ ಯಾರೂ ಬಾಯಿಗೆ ತುರುಕಬಾರದು. ತಾವೇ ಹುಡುಕಿದ್ರೆ ಒಳ್ಳೇದು." ಕೊನೆಯ ಮಾತನ್ನು ಬೀಗದಮ್ಮನ ಕಡೆ ನೋಡಿ ಹೇಳಿ ಹೋದಳು.

ಬೀಗದಮ್ಮ ಮನೆಯಿಂದ ಒಗೆದ ಬಟ್ಟೆ ತಂದಿದ್ದಳು. ಮಡಿಚಿಡುತ್ತ, ಏನೋ ದೊಡ್ಡ ವಿಷಯವಲ್ಲ ಎಂಬಂತೆ ಅಂದಳು:

"ಒಂದಿಂಚಿನ ಮೊಳೆಗಳನ್ನ ಬಾಗಿಲ ಹತ್ರಕ್ಕೆ ಹಾಕಿಸಿದ್ದೀನಿ. ಎಲ್ಲರೂ ಅದನ್ನೇ ಕೇಳ್ತಾರೆ, ಸುಮ್ಮನೆ ಒಳಗೆ ಓಡಾಡೋದ್ಯಾಕೆ."

ಮೊಳೆಯಮ್ಮ ದಿಂಬಿನಿಂದ ಮೇಲೆದ್ದಳು. ತಲೆಯ ಪಟ್ಟಿಯ ಕೆಳಗೆ ಮುಖ ಕೆಂಡವಾಯಿತು.

"ನನ್ನ ಡ್ರಾಯರು ಮುಟ್ಟಿದ್ಯಾ? ನಾನಿಲ್ಲಿ ಬಿದ್ದಿದ್ದಾಗ? ನೀನು... ನೀನೊಂದು..." ಬಾಯಿ ತೆರೆದೇ ಇತ್ತು. ಪದ ಇರಬೇಕಾದ ಜಾಗದಲ್ಲಿ ಹೊಸದಾಗಿ ಸುಣ್ಣ ಬಳಿದ ಗೋಡೆ. "ನೀನೊಂದು ಅದು... ನೀರಲ್ಲಿರತ್ತೆ... ಅಂಟ್ಕೊಳ್ಳತ್ತೆ... ಕಿತ್ರೂ ಬರಲ್ಲ..."

ಬೀಗದಮ್ಮ ಮಡಿಚುವುದನ್ನು ನಿಲ್ಲಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾರ ಮಾತನ್ನೂ ಕೊನೆಮುಟ್ಟಲು ಬಿಡದಿದ್ದ ಹೆಂಗಸು, ಬಟ್ಟೆಯನ್ನು ಎದೆಗೊತ್ತಿಕೊಂಡು, ತುಟಿ ಬಿಗಿದು ನಿಂತಳು. ಅವಳ ಗಂಟಲಲ್ಲಿ ಪದ ಬಂದು ಕೂತದ್ದು ಹೊರಗಿನವರಿಗೂ ಕಾಣುತ್ತಿತ್ತು.

"ಜಿಗಣೆಯಾ?" ಎಂದಳು ಪಕ್ಕದ ಹಾಸಿಗೆಯ ರೋಗಿಯ ತಾಯಿ, ಪಾಪ, ಸಹಾಯಕ್ಕೆ.

"ನೀವು ಸುಮ್ನಿರ್ರೀ!" ಬೀಗದಮ್ಮ ಹರಿಹಾಯ್ದಳು. "ನಿಮ್ಮನ್ನ ಕೇಳಿದ್ರಾ ಯಾರಾದ್ರೂ? ಅವಳು ನನ್ನನ್ನ ಬೈತಿದ್ದಾಳೆ, ಅವಳೇ ಬೈಲಿ!"

"ಅದಲ್ಲ" ಎಂದಳು ಮೊಳೆಯಮ್ಮ, ಹಣೆ ಗಂಟಿಕ್ಕಿ, ಮುಷ್ಟಿಯಿಂದ ಹಾಸಿಗೆ ಗುದ್ದುತ್ತ. "ಜಿಗಣೆ ಅಲ್ಲ. ಅದಕ್ಕಿಂತ ಕೆಟ್ಟದ್ದು. ಇದೆ, ಇಲ್ಲೇ ಇದೆ, ತಾಳು."

ಬೀಗದಮ್ಮ ಸ್ಟೂಲು ಎಳೆದುಕೊಂಡು ಕೂತಳು.

"ಬೇಗ ಹುಡುಕು" ಎಂದಳು. "ಅಂಗಡಿ ತೆಗೀಬೇಕು ನನಗೆ."